ಸನ್ನಿವೇಲ್‌ನ ರೈಲು ಬೇಲಿ ಮತ್ತು ಒಂದು ಹೆಡ್‌ನೋಟ್

ಮಗಳ ಮನೆ ಅಮೆರಿಕದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಸಂಜೆ ಐದೂವರೆ ಆಯಿತೆಂದರೆ ಮೊಮ್ಮಗನಿಗೆ ರೈಲು ನೋಡಲೇಬೇಕು. ಅವನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಈವ್ಲಿನ್ ಅವೆನ್ಯೂ ಕಡೆ ಹೊರಡುತ್ತೇನೆ. ರಸ್ತೆಯ ಪಕ್ಕ ಕಬ್ಬಿಣದ ಜಾಲರಿ ಬೇಲಿ, ಅದರಾಚೆ ಹಳಿ. ಬುಡದಲ್ಲಿ ಒಣಹುಲ್ಲು, ಗಾಳಿಗೆ ಬಂದು ಸಿಕ್ಕಿಕೊಂಡ ಕಾಗದದ ಲೋಟ. ಮಗು ಜಾಲರಿಯ ಕಣ್ಣಿನೊಳಗೆ ನಾಲ್ಕು ಬೆರಳು ತೂರಿಸಿ ನಿಲ್ಲುತ್ತದೆ. ಕ್ಯಾಲ್‌ಟ್ರೇನ್ 2024ರ ಸೆಪ್ಟೆಂಬರ್‌ನಿಂದ ಇಲ್ಲಿ ಕರೆಂಟಿನಲ್ಲಿ ಓಡುತ್ತಿದೆ. ಹೊಗೆ ಇಲ್ಲ, ಸದ್ದೂ ಕಡಿಮೆ. ಆದರೂ ಅವನು "ಚುಕುಬುಕು" ಅಂತಲೇ ಕೂಗುತ್ತಾನೆ. ನಾನೇ ಹೇಳಿಕೊಟ್ಟಿದ್ದು.

ಈ ಊರು ಇರುವುದು ಸಾಂತಾ ಕ್ಲಾರಾ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಮಗಳು ಇಲ್ಲಿಗೆ ಬರುವ ಎಷ್ಟೋ ವರ್ಷ ಮೊದಲೇ ಈ ಹೆಸರು ನನಗೆ ಗೊತ್ತಿತ್ತು. ಕೆಲಸದಲ್ಲಿದ್ದುಕೊಂಡೇ ಸಂಜೆ ಕಾಲೇಜಿನಲ್ಲಿ ಎಲ್‌ಎಲ್‌ಬಿ ಮಾಡಿದವಳು ನಾನು. ಮೇಷ್ಟ್ರು ಒಂದು ದಿನ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು: ಸಾಂತಾ ಕ್ಲಾರಾ ಕೌಂಟಿಗೂ ಸದರ್ನ್ ಪೆಸಿಫಿಕ್ ರೈಲ್‌ರೋಡ್ ಕಂಪನಿಗೂ ನಡೆದ ಕೇಸು, 1886, ಕಂಪನಿಯೂ ಸಂವಿಧಾನದ ರಕ್ಷಣೆ ಇರುವ ವ್ಯಕ್ತಿ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನೋಟ್ಸಿನಲ್ಲಿ ಬರೆದುಕೊಂಡೆ. ಪರೀಕ್ಷೆಯಲ್ಲೂ ಬರೆದೆ.

ಈ ಸಲ ಬಂದಾಗ ಮಗಳ ಹತ್ತಿರ ಆ ತೀರ್ಪನ್ನು ಪ್ರಿಂಟ್ ತೆಗೆಸಿಕೊಂಡೆ. ಪೆನ್ಸಿಲ್ ಹಿಡಿದು ಎರಡು ಮಧ್ಯಾಹ್ನ ಓದಿದೆ. ಮೇಷ್ಟ್ರು ಹೇಳಿದ ಆ ಮಾತು ತೀರ್ಪಿನೊಳಗೆ ಎಲ್ಲೂ ಇಲ್ಲ. ಅಲ್ಲಿರುವುದು ಬೇಲಿ.

ಅದನ್ನು ಹೇಳುವ ಮೊದಲು ನನ್ನದೊಂದು ಹಳೆಯ ತಪ್ಪು ಹೇಳಬೇಕು. ಅದಿಲ್ಲದೆ ನನಗೆ ಈ ವಿಷಯ ಇಷ್ಟು ಯಾಕೆ ಚುಚ್ಚುತ್ತದೆ ಅಂತ ನಿಮಗೆ ತಿಳಿಯುವುದಿಲ್ಲ.

ನಾನು ವಾಣಿಜ್ಯ ತೆರಿಗೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಜನ ಈಗಲೂ ಸೇಲ್ಸ್ ಟ್ಯಾಕ್ಸ್ ಆಫೀಸು ಅಂತಾರಲ್ಲ, ಅದೇ. ಆಗಿನ್ನೂ ವ್ಯಾಟ್ ಬಂದಿರಲಿಲ್ಲ, ಕೆಎಸ್‌ಟಿ ಕಾಯ್ದೆಯ ಕಾಲ. ಒಂದು ಅಕ್ಕಿ ಗಿರಣಿಯ ಲೆಕ್ಕ ನನ್ನ ಟೇಬಲ್ಲಿಗೆ ಬಂತು. ಪುಸ್ತಕದಲ್ಲಿ ತೋರಿಸಿದ ವಹಿವಾಟು ಕಡಿಮೆ, ಕರೆಂಟ್ ಬಿಲ್ ಜಾಸ್ತಿ. ಇಷ್ಟು ಯೂನಿಟ್ ಸುಟ್ಟಿದ್ದರೆ ಇಷ್ಟು ಕ್ವಿಂಟಾಲ್ ಭತ್ತ ಮಿಲ್ ಆಗಿರಲೇಬೇಕು ಅಂತ ಲೆಕ್ಕ ಹಾಕಿ ನೋಟಿಸ್ ಕೊಟ್ಟೆ. ಗಿರಣಿಯವರು ಉತ್ತರ ಕೊಟ್ಟರು: ಮೋಟಾರು ಹಳೆಯದು, ಕರೆಂಟ್ ಹೋಗಿ ಬಂದು ಮಾಡುತ್ತದೆ, ಪ್ರತಿ ಸಲ ಖಾಲಿ ಓಡಿಸಬೇಕಾಗುತ್ತದೆ. ಮಾರ್ಚ್ ತಿಂಗಳು. ಟೇಬಲ್ ತುಂಬ ಫೈಲು. ನಾನು ಆದೇಶದಲ್ಲಿ ಒಂದೇ ಸಾಲು ಬರೆದೆ. "ಆಕ್ಷೇಪಣೆಯನ್ನು ಪರಿಶೀಲಿಸಲಾಗಿದೆ, ಒಪ್ಪಲು ಬರುವುದಿಲ್ಲ."

ಅಪೀಲಿನಲ್ಲಿ ಆ ಆದೇಶ ರದ್ದಾಗಿ ವಾಪಸ್ ಬಂತು. ಯಾಕೆ ಒಪ್ಪಲು ಬರುವುದಿಲ್ಲ ಎಂದು ಅಧಿಕಾರಿ ಬರೆದಿಲ್ಲ, ಅಷ್ಟೇ ಕಾರಣ. ನನ್ನ ಲೆಕ್ಕ ಸರಿಯೋ ತಪ್ಪೋ ಅನ್ನುವಲ್ಲಿಗೆ ಅವರು ಹೋಗಲೇ ಇಲ್ಲ. ನನ್ನ ಮೇಲಿನವರು ಫೈಲು ಮುಂದಿಟ್ಟು, "ಮೇಡಂ, ಆದೇಶ ಮಾತಾಡಬೇಕು. ನೀವು ಎದುರಿಗೆ ಇಲ್ಲದಾಗಲೂ ಅದೇ ಮಾತಾಡಬೇಕು" ಅಂದರು. ಸ್ಪೀಕಿಂಗ್ ಆರ್ಡರ್ ಅಂತ ನಮ್ಮಲ್ಲಿ ಅದಕ್ಕೆ ಹೆಸರು. ಅವತ್ತಿನಿಂದ ನಿವೃತ್ತಿಯ ದಿನದವರೆಗೆ, 400 ರೂಪಾಯಿಯ ದಂಡ ಹಾಕುವಾಗಲೂ ಕಾರಣ ಬರೆಯದೆ ಸಹಿ ಹಾಕಲಿಲ್ಲ.

ಈಗ ಬೇಲಿಗೆ ಬರೋಣ.

1879ರಲ್ಲಿ ಕ್ಯಾಲಿಫೋರ್ನಿಯಾ ಹೊಸ ಸಂವಿಧಾನ ಬರೆದುಕೊಂಡಿತು. ಆಗ ಜನರಿಗೆ ರೈಲು ಕಂಪನಿಗಳ ಮೇಲೆ ಸಿಟ್ಟು ಜಾಸ್ತಿ. ಸಾಗಣೆ ದರ ಅವರದೇ, ಜಮೀನು ಅವರದೇ, ಶಾಸಕರೂ ಅವರ ಕಿಸೆಯಲ್ಲೇ ಅನ್ನುವ ಮಾತಿತ್ತು. ಹೊಸ ಸಂವಿಧಾನದಲ್ಲಿ ತೆರಿಗೆಯ ನಿಯಮ ಹೀಗಿತ್ತು: ಮನೆ, ಜಮೀನು ಅಡಮಾನ ಇಟ್ಟ ಸಾಮಾನ್ಯ ಮನುಷ್ಯ ಅಡಮಾನದ ಮೊತ್ತ ಕಳೆದು ಉಳಿದ ಬೆಲೆಗೆ ಮಾತ್ರ ತೆರಿಗೆ ಕಟ್ಟಿದರೆ ಸಾಕು. ರೈಲು ಕಂಪನಿಗಳಿಗೆ ಈ ಕಡಿತ ಇಲ್ಲ. ಕಂಪನಿಗಳ ಸಾಲವೋ ಬೆಟ್ಟದಷ್ಟು. ತೆರಿಗೆ ಕಟ್ಟುವುದಿಲ್ಲ ಅಂತ ಕೂತರು. ಕೌಂಟಿಗಳು ಕೋರ್ಟಿಗೆ ಹೋದವು.

ಕಂಪನಿಯವರು ಹಿಡಿದದ್ದು ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯನ್ನು. ಗುಲಾಮಗಿರಿ ಹೋದ ಮೇಲೆ, 1868ರಲ್ಲಿ ಜಾರಿಗೆ ಬಂದದ್ದು ಅದು. ಯಾವ ರಾಜ್ಯವೂ ತನ್ನ ವ್ಯಾಪ್ತಿಯಲ್ಲಿರುವ ಯಾವ ವ್ಯಕ್ತಿಗೂ ಕಾನೂನಿನ ಸಮಾನ ರಕ್ಷಣೆ ನಿರಾಕರಿಸಬಾರದು ಅನ್ನುತ್ತದೆ. ನಿನ್ನೆಯವರೆಗೆ ಸಂತೆಯಲ್ಲಿ ಮಾರಾಟವಾಗುತ್ತಿದ್ದ ಮನುಷ್ಯರಿಗಾಗಿ ಬರೆದ ಮಾತು. ಅದರಲ್ಲಿ "ವ್ಯಕ್ತಿ" ಅನ್ನುವ ಪದ ಇದೆಯಲ್ಲ, ನಾವೂ ವ್ಯಕ್ತಿಯೇ, ನಮಗೊಂದು ನ್ಯಾಯ ಜನರಿಗೊಂದು ನ್ಯಾಯ ಹೇಗೆ ಅಂತ ಕಂಪನಿಗಳ ವಾದ.

1882ರಲ್ಲಿ ಪಕ್ಕದ ಸ್ಯಾನ್ ಮಟೇಯೊ ಕೌಂಟಿಯ ಕೇಸಿನಲ್ಲಿ ಕಂಪನಿಯ ಪರ ವಾದ ಮಾಡಿದವರು ರಾಸ್ಕೋ ಕಾಂಕ್ಲಿಂಗ್. ದೊಡ್ಡ ರಾಜಕಾರಣಿ. 14ನೇ ತಿದ್ದುಪಡಿ ಬರೆದ ಸಮಿತಿಯಲ್ಲಿ ತಾವೇ ಇದ್ದವರು. ಅಲ್ಲಿಯವರೆಗೆ ಅಚ್ಚಾಗದ ಸಮಿತಿಯ ನಡಾವಳಿ ಪುಸ್ತಕವನ್ನೇ ಕೋರ್ಟಿಗೆ ತಂದು, "ನಾಗರಿಕ" ಅನ್ನುವ ಬದಲು "ವ್ಯಕ್ತಿ" ಅಂತ ಬರೆದಾಗ ನಮ್ಮ ಮನಸ್ಸಿನಲ್ಲಿ ಕಂಪನಿಗಳೂ ಇದ್ದವು ಅನ್ನುವ ಅರ್ಥ ಬರುವಂತೆ ವಾದಿಸಿದರು. ಬಹಳ ವರ್ಷಗಳ ನಂತರ ಇತಿಹಾಸಕಾರರು ಆ ಪುಸ್ತಕವನ್ನು ಕೂತು ಓದಿದರು. ಕಾಂಕ್ಲಿಂಗ್ ಹೇಳಿದ್ದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಆ ಕೇಸು ಅಷ್ಟರಲ್ಲಿ ತೀರ್ಪಿಲ್ಲದೆ ಮುಗಿದಿತ್ತು.

ಆಮೇಲೆ ಬಂದದ್ದು ಸಾಂತಾ ಕ್ಲಾರಾ ಕೇಸು. 1886ರ ಜನವರಿ. ವಾದ ಶುರುವಾಗುವ ಮೊದಲೇ ಮುಖ್ಯ ನ್ಯಾಯಮೂರ್ತಿ ಮಾರಿಸನ್ ವೇಟ್ ಒಂದು ಮಾತು ಹೇಳಿದರು: 14ನೇ ತಿದ್ದುಪಡಿ ಈ ಕಂಪನಿಗಳಿಗೆ ಅನ್ವಯಿಸುತ್ತದೆಯೇ ಅನ್ನುವ ಪ್ರಶ್ನೆಯ ಮೇಲೆ ಕೋರ್ಟಿಗೆ ವಾದ ಕೇಳುವ ಇಷ್ಟವಿಲ್ಲ, ಅನ್ವಯಿಸುತ್ತದೆ ಅನ್ನುವುದು ನಮ್ಮೆಲ್ಲರ ಅಭಿಪ್ರಾಯ. ಅಷ್ಟೇ. ಯಾಕೆ ಅನ್ವಯಿಸುತ್ತದೆ? ಹೇಳಲಿಲ್ಲ.

ಮೇ 10ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಹಾರ್ಲನ್. ಅವರು ಇಡೀ ಕೇಸನ್ನು ಬೇಲಿಯ ಮೇಲೆ ತೀರ್ಮಾನ ಮಾಡಿದರು. ರೈಲು ದಾರಿಗೆ ಬೆಲೆ ಕಟ್ಟುವುದು ರಾಜ್ಯದ ತೆರಿಗೆ ಮಂಡಳಿಯ ಕೆಲಸ. ಆದರೆ ರೈಲು ದಾರಿಗೂ ಪಕ್ಕದ ಜಮೀನಿಗೂ ನಡುವೆ ಇರುವ ಬೇಲಿಗೆ ಬೆಲೆ ಕಟ್ಟಬೇಕಾದವರು ಸ್ಥಳೀಯ ಅಧಿಕಾರಿಗಳು. ಮಂಡಳಿ ಮೈಲಿಗೆ 300 ಡಾಲರಿನಂತೆ ಬೇಲಿಯ ಬೆಲೆಯನ್ನೂ ಸೇರಿಸಿಬಿಟ್ಟಿತ್ತು. ಅದನ್ನು ಬೇರೆ ಮಾಡಿ ತೆಗೆಯಲು ಬರುವಂತಿಲ್ಲ, ಹಾಗಾಗಿ ಇಡೀ ತೆರಿಗೆಯೇ ಅಸಿಂಧು. ಕಂಪನಿ ಗೆದ್ದಿತು. ಬೇಲಿಯಲ್ಲೇ ಕೇಸು ಮುಗಿಯುವುದರಿಂದ ಸಂವಿಧಾನದ ದೊಡ್ಡ ಪ್ರಶ್ನೆಗೆ ಹೋಗುವ ಅಗತ್ಯ ಇಲ್ಲ ಅಂತ ತೀರ್ಪು ತಾನೇ ಹೇಳುತ್ತದೆ. ತೆರಿಗೆ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಬೇಲಿಯ ವಿಷಯದಲ್ಲಿ ಹಾರ್ಲನ್ ಬರೆದದ್ದು ಒಳ್ಳೆಯ ಆದೇಶ. ವ್ಯಾಪ್ತಿ ಇಲ್ಲದವರು ಬೆಲೆ ಕಟ್ಟಿದರೆ ಅದು ನಿಲ್ಲುವುದಿಲ್ಲ.

ಹಾಗಾದರೆ ಕಂಪನಿ ವ್ಯಕ್ತಿಯಾದದ್ದು ಎಲ್ಲಿ?

ತೀರ್ಪಿನ ಮೇಲೆ, ಹೆಡ್‌ನೋಟಿನಲ್ಲಿ. ತೀರ್ಪುಗಳನ್ನು ಪುಸ್ತಕ ಮಾಡುವಾಗ ಓದುವವರ ಅನುಕೂಲಕ್ಕೆ ಮೇಲುಗಡೆ ಸಾರಾಂಶ ಹಾಕುತ್ತಾರೆ. ಅದನ್ನು ಬರೆಯುವುದು ನ್ಯಾಯಾಧೀಶರಲ್ಲ. ಕೋರ್ಟಿನ ವರದಿಗಾರ ಬ್ಯಾಂಕ್ರಾಫ್ಟ್ ಡೇವಿಸ್ ಅಲ್ಲಿ ಮೊದಲ ಸಾಲಿನಲ್ಲೇ ಬರೆದರು, ಈ ಕಂಪನಿಗಳು 14ನೇ ತಿದ್ದುಪಡಿಯ ಅರ್ಥದಲ್ಲಿ ವ್ಯಕ್ತಿಗಳು ಅಂತ. ವೇಟ್ ಆಡಿದ ಮಾತನ್ನೂ ಕೆಳಗೆ ಸೇರಿಸಿದರು. ಡೇವಿಸ್ ಸಣ್ಣ ಗುಮಾಸ್ತರಲ್ಲ. ಜರ್ಮನಿಗೆ ರಾಯಭಾರಿಯಾಗಿದ್ದವರು. ಹಿಂದೆ ಒಂದು ರೈಲು ಕಂಪನಿಯ ಅಧ್ಯಕ್ಷರೂ ಆಗಿದ್ದವರು. ಅಚ್ಚಿಗೆ ಕೊಡುವ ಮೊದಲು ಅವರು ವೇಟ್ ಅವರಿಗೆ ಕಾಗದ ಬರೆದು, ನೀವು ಹೇಳಿದ್ದು ಹೀಗೆಯೇ ತಾನೇ ಎಂದು ಕೇಳಿದ್ದಾರೆ. ವೇಟ್ ಮೇ 31ಕ್ಕೆ ಉತ್ತರ ಕೊಟ್ಟರು. ಮಾತು ಹೆಚ್ಚುಕಡಿಮೆ ಅದೇ, ಆದರೆ ತೀರ್ಪಿನಲ್ಲಿ ನಾವು ಸಂವಿಧಾನದ ಪ್ರಶ್ನೆಯಿಂದ ತಪ್ಪಿಸಿಕೊಂಡಿದ್ದೇವೆ, ಹಾಗಾಗಿ ವರದಿಯಲ್ಲಿ ಅದನ್ನು ಹೇಳಬೇಕೋ ಬೇಡವೋ ನಿಮಗೇ ಬಿಟ್ಟಿದ್ದೇನೆ.

ಇದು ಡೇವಿಸ್ ಮಾಡಿದ ಮೋಸ ಅಂತ ಕೆಲವರು ಬರೆಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ವೇಟ್ ಆ ಮಾತು ಆಡಿದ್ದು ನಿಜ, ಡೇವಿಸ್ ಕೇಳಿಯೇ ಬರೆದದ್ದೂ ನಿಜ. ನನಗೆ ತಡೆಯಲಾಗದಿರುವುದು ಬೇರೆ. ಒಂದು ದೇಶದ ಮುಂದಿನ ನೂರಾರು ಕಾನೂನುಗಳನ್ನು ಕಟ್ಟಿಹಾಕುವ ಮಾತನ್ನು ಬರೆಯಬೇಕೋ ಬೇಡವೋ ಅಂತ ತೀರ್ಮಾನಿಸುವುದನ್ನು ಸಾರಾಂಶ ಬರೆಯುವವರಿಗೆ ಬಿಟ್ಟರಲ್ಲ! ನನ್ನ ಗಿರಣಿ ಆದೇಶದಲ್ಲಿ ಕಾರಣವಿಲ್ಲದ ಒಂದು ಸಾಲಾದರೂ ಆದೇಶದ ಒಳಗೆ ಇತ್ತು. ಇಲ್ಲಿ ಅದೂ ಇಲ್ಲ.

ಮೂರು ವರ್ಷದಲ್ಲಿ, 1889ರಲ್ಲಿ, ಇನ್ನೊಂದು ರೈಲು ಕೇಸಿನಲ್ಲಿ ನ್ಯಾಯಮೂರ್ತಿ ಸ್ಟೀಫನ್ ಫೀಲ್ಡ್ ಸಾಂತಾ ಕ್ಲಾರಾದಲ್ಲಿ ಇದು ತೀರ್ಮಾನವಾಗಿದೆ ಅಂತಲೇ ಬರೆದರು. ಸದರ್ನ್ ಪೆಸಿಫಿಕ್‌ನ ಮುಖ್ಯಸ್ಥ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಅವರ ಸ್ನೇಹಿತರು ಈ ಫೀಲ್ಡ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೊದಲ ಟ್ರಸ್ಟಿಗಳಲ್ಲಿ ಒಬ್ಬರು. ಅಲ್ಲಿಂದ ಮುಂದೆ ಯಾರೂ ಹಿಂದಿರುಗಿ ನೋಡಲಿಲ್ಲ. ಹೆಡ್‌ನೋಟ್ ಹೋಗಿ ತೀರ್ಪಾಯಿತು.

ಅದೇ ಮಾರಿಸನ್ ವೇಟ್ ಬರೆದ ಇನ್ನೊಂದು ತೀರ್ಪನ್ನೂ ಓದಿದೆ. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. 1875. ಮಿಸೂರಿ ರಾಜ್ಯದ ವರ್ಜೀನಿಯಾ ಮೈನರ್ ಅನ್ನುವ ಹೆಣ್ಣುಮಗಳು ಮತದಾರರ ಪಟ್ಟಿಗೆ ಹೆಸರು ಸೇರಿಸಿ ಅಂತ ಹೋದಳು, ಸೇರಿಸಲಿಲ್ಲ. ಅವಳು ಹಿಡಿದದ್ದೂ ಇದೇ 14ನೇ ತಿದ್ದುಪಡಿಯನ್ನು. ನಾನು ನಾಗರಿಕಳಲ್ಲವೇ, ಹಾಗಿದ್ದರೆ ನನಗೆ ಮತ ಯಾಕಿಲ್ಲ? ವೇಟ್ ಪುಟಗಟ್ಟಲೆ ಉತ್ತರ ಬರೆದಿದ್ದಾರೆ. ಒಂದೊಂದು ರಾಜ್ಯದ ಹಳೆಯ ಕಾನೂನು ತೆಗೆದು, ಎಲ್ಲೆಲ್ಲಿ ಯಾರ್ಯಾರಿಗೆ ಮತ ಇತ್ತು ಅಂತ ಸಾಲಾಗಿ ಎಣಿಸಿ, ಹೆಂಗಸು ನಾಗರಿಕಳು ಹೌದು, ಆದರೆ ಅದರಿಂದ ಮತದ ಹಕ್ಕು ಬರುವುದಿಲ್ಲ ಅಂದರು. ಹೆಂಗಸಿಗೆ ಇಲ್ಲ ಅನ್ನಲು ಅಷ್ಟು ಕಾರಣ ಬೇಕಾಯಿತು. ರೈಲು ಕಂಪನಿಗೆ ಹೌದು ಅನ್ನಲು ಒಂದೂ ಬೇಕಾಗಲಿಲ್ಲ.

ಯಾರಿಗಾಗಿ ಆ ತಿದ್ದುಪಡಿ ಬಂತೋ ಅವರ ಕಥೆ ಇನ್ನೂ ಸಂಕಟದ್ದು. 1892ರಲ್ಲಿ ಕಪ್ಪು ಮೂಲದ ಹೋಮರ್ ಪ್ಲೆಸಿ ಲೂಯಿಸಿಯಾನದಲ್ಲಿ ಬಿಳಿಯರ ಬೋಗಿಯಲ್ಲಿ ಕೂತದ್ದಕ್ಕೆ ಸಿಕ್ಕಿಬಿದ್ದ. ಅದೂ ರೈಲಿನ ಕೇಸೇ. ಬೇರೆ ಬೋಗಿ ಇಟ್ಟರೆ ಸಮಾನತೆಗೆ ಧಕ್ಕೆ ಇಲ್ಲ ಅಂತ 1896ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಪ್ಪದೆ ಬೇರೆ ಬರೆದ ಒಬ್ಬರೇ ಒಬ್ಬರು, ನಮ್ಮ ಬೇಲಿಯ ಹಾರ್ಲನ್. 1938ರಲ್ಲಿ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಲೆಕ್ಕ ತೆಗೆದು ಬರೆದಿದ್ದಾರೆ: ಆ ತಿದ್ದುಪಡಿ ಬಂದ ಮೊದಲ 50 ವರ್ಷಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅನ್ವಯಿಸಿದ ಕೇಸುಗಳಲ್ಲಿ ಕಪ್ಪು ಜನರ ರಕ್ಷಣೆಗೆ ಬಂದವು ನೂರಕ್ಕೆ 0.5ಕ್ಕಿಂತ ಕಡಿಮೆ. ಕಂಪನಿಗಳಿಗೂ ಅದರ ಲಾಭ ಬೇಕು ಅಂತ ಬಂದವು ನೂರಕ್ಕೆ 50ಕ್ಕಿಂತ ಜಾಸ್ತಿ.

ಒಂದು ದಿನ ಊಟದ ಹೊತ್ತಿಗೆ ಇದನ್ನೆಲ್ಲ ಹೇಳಿದೆ. ಅಳಿಯ ಇಲ್ಲಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಸಮಾಧಾನದ ಹುಡುಗ, ಆದರೆ ಒಪ್ಪದಿದ್ದರೆ ಸುಮ್ಮನೆ ತಲೆಯಾಡಿಸುವವನಲ್ಲ.

"ಅತ್ತೆ, ಪತ್ರಿಕೆಗಳೂ ಕಂಪನಿಗಳೇ ಅಲ್ವಾ?" ಅಂದ. "ಕಂಪನಿಗೆ ಮಾತಿನ ಹಕ್ಕಿಲ್ಲ ಅಂದರೆ ಸರ್ಕಾರ ಮೊದಲು ಬಾಯಿ ಮುಚ್ಚಿಸುವುದು ಪತ್ರಿಕೆಗಳನ್ನೇ. ದಕ್ಷಿಣದ ಒಬ್ಬ ಅಧಿಕಾರಿ ನ್ಯೂಯಾರ್ಕ್ ಟೈಮ್ಸ್ ಮೇಲೆ ಮಾನನಷ್ಟದ ಕೇಸು ಹಾಕಿದಾಗ ಕಾಪಾಡಿದ್ದೂ ಇದೇ ತಿದ್ದುಪಡಿ."

1964ರ ಸಲಿವನ್ ಕೇಸು. ಅವನು ಹೇಳಿದ್ದು ಸರಿ. ಅದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಆ ಪತ್ರಿಕೆಗೆ ರಕ್ಷಣೆ ಸಿಗದಿದ್ದರೆ ಕಪ್ಪು ಜನರ ಹೋರಾಟದ ಸುದ್ದಿಯೇ ಹೊರಗೆ ಬರುವುದು ಕಷ್ಟವಾಗುತ್ತಿತ್ತು.

ಕಂಪನಿಗೆ ಕಾನೂನಿನಲ್ಲಿ ಒಂದು ಹೆಸರು, ಒಂದು ಕುರ್ಚಿ ಇರಬೇಕು ಅನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಇಲ್ಲದಿದ್ದರೆ ನಾನು ನೋಟಿಸ್ ಯಾರಿಗೆ ಕೊಡಬೇಕಿತ್ತು? ನಮ್ಮ ಊರಿನ ಪಹಣಿ ತೆಗೆದು ನೋಡಿ, ಖಾತೆದಾರರ ಕಾಲಂನಲ್ಲಿ "ಶ್ರೀ ಆಂಜನೇಯಸ್ವಾಮಿ ದೇವರು" ಅಂತ ಇರುತ್ತದೆ. ದೇವರ ಹೆಸರಲ್ಲಿ ಗದ್ದೆ ಇದೆ, ದೇವರ ಪರವಾಗಿ ಕೋರ್ಟಿನಲ್ಲಿ ದಾವೆ ಹಾಕಬಹುದು. ನಮ್ಮ ಜನಕ್ಕೆ ಇದು ಹೊಸದಲ್ಲ. ಆದರೆ ಆಂಜನೇಯಸ್ವಾಮಿಯ ಹೆಸರು ಮತದಾರರ ಪಟ್ಟಿಯಲ್ಲಿ ಇಲ್ಲ. ಪಂಚಾಯ್ತಿ ಚುನಾವಣೆಗೆ ಹುಂಡಿಯ ದುಡ್ಡು ತೆಗೆದು ದೇವರ ಹೆಸರಲ್ಲಿ ಖರ್ಚು ಮಾಡುತ್ತೇನೆ ಅಂತ ಧರ್ಮದರ್ಶಿ ಹೊರಟರೆ ಊರು ಸುಮ್ಮನೆ ಬಿಡುತ್ತದೆಯೇ? ಯಾವ ಹಕ್ಕು, ಎಲ್ಲಿಯವರೆಗೆ, ಯಾಕೆ ಅಂತ ಒಂದೊಂದಾಗಿ ಕೇಳಬೇಕು. ಸಾಂತಾ ಕ್ಲಾರಾದಲ್ಲಿ ಕೇಳದೆ ಬಿಟ್ಟದ್ದು ಅದನ್ನೇ.

ನಮ್ಮ ಸುಪ್ರೀಂ ಕೋರ್ಟ್ ಕೇಳಿತು. ಅದೂ ನಮ್ಮ ಇಲಾಖೆಯ ತರಹದ್ದೇ ಕೇಸಿನಲ್ಲಿ. ಕೇಂದ್ರ ಸರ್ಕಾರದ್ದೇ ಕಂಪನಿಯಾದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿಗೆ ವಿಶಾಖಪಟ್ಟಣದ ವಾಣಿಜ್ಯ ತೆರಿಗೆ ಅಧಿಕಾರಿ ಸೇಲ್ಸ್ ಟ್ಯಾಕ್ಸ್ ಹಾಕಿದರು. ಅದು ನೇರ ಸುಪ್ರೀಂ ಕೋರ್ಟಿಗೆ ಹೋಗಿ ನಮ್ಮ ಸಂವಿಧಾನದ 19ನೇ ವಿಧಿಯಲ್ಲಿ ನನಗೆ ವ್ಯಾಪಾರದ ಹಕ್ಕಿದೆ ಅಂದಿತು. 1963ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಕೂತು ಕೇಳಿದರು. 14ನೇ ವಿಧಿಯ ಸಮಾನತೆ "ಯಾವುದೇ ವ್ಯಕ್ತಿ"ಗೆ, ಅದು ಬೇರೆ. 19ನೇ ವಿಧಿ "ನಾಗರಿಕರಿಗೆ". 1955ರ ಪೌರತ್ವ ಕಾಯ್ದೆ ಕಂಪನಿಯನ್ನು ಹೊರಗಿಟ್ಟಿದೆ. ಆದ್ದರಿಂದ ಕಂಪನಿ ನಾಗರಿಕ ಅಲ್ಲ. ಒಪ್ಪದ ನ್ಯಾಯಮೂರ್ತಿಗಳೂ ತಮ್ಮ ಕಾರಣ ಬರೆದರು. ನೀವು ಯಾವ ಕಡೆಯಾದರೂ ಇರಿ, ಓದಿ ಜಗಳ ಆಡಲು ಅಲ್ಲಿ ಏನೋ ಇದೆ. ಆಮೇಲೆ 1970ರ ಬ್ಯಾಂಕ್ ರಾಷ್ಟ್ರೀಕರಣದ ಕೇಸಿನಲ್ಲಿ ಷೇರುದಾರನ ಹಕ್ಕನ್ನು ಪರಿಗಣಿಸಿದರು. 1972ರಲ್ಲಿ ಪತ್ರಿಕೆಗಳ ಕಾಗದದ ಕೋಟಾದ ಕೇಸಿನಲ್ಲಿ ಷೇರುದಾರರು, ಸಂಪಾದಕರು ಅನ್ನುವ ನಿಜವಾದ ಮನುಷ್ಯರ ಹಕ್ಕಿನ ಮೂಲಕವೇ ಪತ್ರಿಕೆಯನ್ನು ಕಾಪಾಡಿದರು. ಅಳಿಯನಿಗೆ ಮರುದಿನ ನಾನು ಕೊಟ್ಟ ಉತ್ತರ ಇದೇ.

"ಅದು ಸುತ್ತಿ ಬಳಸಿ ಅಲ್ಲಿಗೇ ಹೋದ ಹಾಗಾಯ್ತಲ್ಲ ಅತ್ತೆ" ಅಂದ.

ಸ್ವಲ್ಪ ಹೌದು. ಆದರೆ ಆ ಸುತ್ತು ದಾರಿಯಲ್ಲಿ ಮನುಷ್ಯರು ಕಾಣಿಸುತ್ತಾರೆ. ನೇರ ದಾರಿ ಎಲ್ಲಿಗೆ ಹೋಯಿತು ಅಂತ ಇಲ್ಲಿ ನೋಡಬಹುದು. 2010ರ ಜನವರಿ 21ರಂದು, ಸಿಟಿಜನ್ಸ್ ಯುನೈಟೆಡ್ ಕೇಸಿನಲ್ಲಿ, ಐದು ನಾಲ್ಕರ ಬಹುಮತದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು: ಚುನಾವಣೆಯ ಪ್ರಚಾರಕ್ಕೆ ಕಂಪನಿಗಳು ಸ್ವತಂತ್ರವಾಗಿ ಮಾಡುವ ಖರ್ಚಿಗೆ ಸರ್ಕಾರ ಮಿತಿ ಹಾಕುವಂತಿಲ್ಲ. ಅಭ್ಯರ್ಥಿಯ ಕೈಗೆ ನೇರ ಕೊಡುವುದಕ್ಕೆ 1907ರಿಂದ ಇರುವ ನಿಷೇಧ ಉಳಿದಿದೆ. ಉಳಿದ ಬಾಗಿಲೆಲ್ಲ ತೆರೆಯಿತು. ಕಂಪನಿಗೆ ಮನಸ್ಸಾಕ್ಷಿ ಇಲ್ಲ, ನಂಬಿಕೆ ಇಲ್ಲ, ಆಸೆ ಇಲ್ಲ ಅಂತ ನ್ಯಾಯಮೂರ್ತಿ ಸ್ಟೀವನ್ಸ್ ಭಿನ್ನಮತ ಬರೆದರು. ಅದಕ್ಕೂ ಮೊದಲು, 1978ರಲ್ಲಿ, ಇಂಥದ್ದೇ ಒಂದು ಕೇಸಿನಲ್ಲಿ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ನೇರವಾಗಿ ಬರೆದಿದ್ದರು: ಕಂಪನಿ ವ್ಯಕ್ತಿ ಅಂತ ಈ ಕೋರ್ಟ್ ಹಿಂದೆ ತೀರ್ಮಾನಿಸಿದ್ದು ವಾದವೂ ಇಲ್ಲದೆ, ಚರ್ಚೆಯೂ ಇಲ್ಲದೆ. ಅವರು ಬಲಪಂಥೀಯ ನ್ಯಾಯಮೂರ್ತಿ, ಸ್ಟೀವನ್ಸ್ ಉದಾರವಾದಿ. ನನಗೆ ಧೈರ್ಯ ಬಂದದ್ದು ಈ ಇಬ್ಬರನ್ನೂ ಓದಿದ ಮೇಲೆ.

ನಮ್ಮಲ್ಲೂ ಅದೇ ಬಾಗಿಲು ಒಮ್ಮೆ ತೆರೆದಿತ್ತು. ಕಂಪನಿಯೊಂದು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 7.5 ಶೇಕಡಾಕ್ಕಿಂತ ಹೆಚ್ಚು ರಾಜಕೀಯ ದೇಣಿಗೆ ಕೊಡುವಂತಿರಲಿಲ್ಲ. 2017ರಲ್ಲಿ ಆ ಮಿತಿ ತೆಗೆದರು. ನಷ್ಟದ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದು ಅಂತಾಯಿತು. 2024ರ ಫೆಬ್ರವರಿ 15ರಂದು ಚುನಾವಣಾ ಬಾಂಡಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಹೊಡೆದುಹಾಕಿತು. ಒಬ್ಬ ಮನುಷ್ಯ ಕೊಡುವ ದೇಣಿಗೆಯೂ ಕಂಪನಿ ಕೊಡುವ ದೇಣಿಗೆಯೂ ಒಂದೇ ಅಲ್ಲ, ಕಂಪನಿಯದ್ದು ಪೂರ್ತಿ ವ್ಯವಹಾರ ಅಂತ ಕಾರಣ ಸಮೇತ ಬರೆಯಿತು. ಅವತ್ತು ಟಿವಿ ಮುಂದೆ ಕೂತು ನಾನು ಚಪ್ಪಾಳೆ ತಟ್ಟಿದ್ದೆ.

ಆದರೆ 2025ರ ಸೆಪ್ಟೆಂಬರಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಎಕ್ಸ್ ಕಾರ್ಪ್, ಅಂದರೆ ಹಿಂದಿನ ಟ್ವಿಟರ್ ಕಂಪನಿಯ ಅರ್ಜಿಯನ್ನು ವಜಾ ಮಾಡಿ, 19ನೇ ವಿಧಿ ನಾಗರಿಕರಿಗೆ ಮಾತ್ರ ಅಂದಾಗ ನನಗೆ ಅಷ್ಟು ಸುಲಭವಾಗಿ ಚಪ್ಪಾಳೆ ತಟ್ಟಲಾಗಲಿಲ್ಲ. ಕಂಪನಿ ನಾಗರಿಕ ಅಲ್ಲ, ಸರಿ. ಅಲ್ಲಿ ಬರೆಯುವವರು? ಪೋಸ್ಟ್ ತೆಗೆಸಿ ಅಂತ ಸರ್ಕಾರ ಹೇಳಿದಾಗ ಹೋಗುವುದು ಅವರ ಮಾತು. ಅವರ ಪರವಾಗಿ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು? ಅಳಿಯನ ಪ್ರಶ್ನೆ ತಿರುಗಿ ನನ್ನ ಬಾಗಿಲಿಗೇ ಬಂತು. ಇದರ ಬಗ್ಗೆ ನಾನಿನ್ನೂ ಯೋಚನೆ ಮಾಡುತ್ತಿದ್ದೇನೆ.

ಸಂಜೆ ಬೇಲಿಯ ಹತ್ತಿರ ನಿಂತಾಗ ಇದೆಲ್ಲ ತಲೆಯಲ್ಲಿ ಓಡುತ್ತದೆ. ಈ ಹಳಿ ಸದರ್ನ್ ಪೆಸಿಫಿಕ್‌ನದೇ ಆಗಿತ್ತು. 1991ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಮಟೇಯೊ, ಸಾಂತಾ ಕ್ಲಾರಾ, ಈ ಮೂರು ಕೌಂಟಿಗಳು ಸೇರಿ ಮಾಡಿಕೊಂಡ ಮಂಡಳಿ ಇದನ್ನು ಕಂಪನಿಯಿಂದ ಕೊಂಡುಕೊಂಡಿತು. ಆಗ ತೆರಿಗೆಗಾಗಿ ಕೋರ್ಟಿಗೆ ಹೋಗಿದ್ದ ಎರಡೂ ಕೌಂಟಿಗಳು ಈ ಬೇಲಿಗೆ ಈಗ ಯಜಮಾನರು.

ನಾಡಿದ್ದು ಊರಿಗೆ ಹೊರಡುತ್ತೇನೆ. ಪ್ರಿಂಟನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಳ್ಳೋಣ ಅಂತ ಹುಡುಕಿದರೆ ಕಾಣಲಿಲ್ಲ. ಅಳಿಯನ ಟೇಬಲ್ ಮೇಲಿತ್ತು. ನನ್ನ ಪೆನ್ಸಿಲ್ ಗೆರೆಗಳ ಪಕ್ಕದಲ್ಲಿ ಅವನು ನೀಲಿ ಪೆನ್ನಿನಿಂದ ಗುರುತು ಮಾಡಿದ್ದಾನೆ, ಮೂರನೇ ಹಾಳೆಯವರೆಗೆ. ಅಲ್ಲೇ ಬಿಟ್ಟು ಬಂದೆ.